ಕೂಸಿನ ಕೈಯ ಶಂಖದ ಬಳೆ

ನಮ್ಮ ದೇವರ ಮನೆಯಲ್ಲಿ ಒಂದು ಶಂಖವಿದೆ. ಅದರ ತೀರ್ಥಕ್ಕೆ ಕೈಯೊಡ್ಡುವಾಗಲೆಲ್ಲ ಕಮಲಾಪುರದ ಆ ಗುಂಡಿ ನೆನಪಾಗಿ ನನಗೆ ನಾಚಿಕೆಯಾಗುತ್ತದೆ.

ನಿಜಾಮರ ರಾಜ್ಯದ ಕೊನೆಯ ವರ್ಷ. ಹೈದರಾಬಾದಿನ ಸಾಹೇಬರೊಬ್ಬರು ಕಮಲಾಪುರದ ಹೊರಗೆ, ಸಾವಿರಾರು ವರ್ಷಗಳ ಹಿಂದಿನ ಜನ ಬಾಳಿ ಸತ್ತ ಹಳೆಯ ದಿಬ್ಬವೊಂದನ್ನು ಅಗೆಸುತ್ತಿದ್ದರು. ನಾನು ಅವರ ಮುನ್ಶಿ. ಸಿಕ್ಕಿದ್ದನ್ನು ಪೆಟ್ಟಿಗೆಗೆ ಹಾಕಿ ಚೀಟಿ ಅಂಟಿಸುವುದು ನನ್ನ ಕೆಲಸ. ಕಲಬುರಗಿಯ ಮನೆಯಿಂದ ವಾರಕ್ಕಾಗುವಷ್ಟು ಅವಲಕ್ಕಿ ಕಟ್ಟಿಕೊಂಡು ಹೋಗಿ ಒಬ್ಬನೇ ಕೂತು ತಿನ್ನುತ್ತಿದ್ದ ಮಹಾ ಮಡಿವಂತ.

ಕೂಲಿ ಹೆಂಗಸರಲ್ಲಿ ಒಬ್ಬಳ ಕೈ ಬಹಳ ಹಗುರ. ಎಲುಬಿನ ಮೇಲಿನ ಮಣ್ಣನ್ನು ಕುಂಚದಿಂದ ಸರಿಸಲು ಸಾಹೇಬರು ಅವಳನ್ನೇ ಕರೆಯುತ್ತಿದ್ದರು. ಬುಟ್ಟಿ ಹೊರುವುದು ತಪ್ಪಿತೆಂದು ಅವಳಿಗೆ ಹೆಮ್ಮೆ.

ಒಂದು ಶುಕ್ರವಾರ ಅವಳ ಕುಂಚದ ಕೆಳಗೆ ಎಳೆಕೂಸಿನ ಎಲುಬುಗಳು ಕಂಡವು. ಮುಂಗೈಯಲ್ಲಿ ಮೂರು ಬಿಳಿ ಬಳೆ. ಸಾಹೇಬರು ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ವಿವರಿಸಿದರು. ಆ ಕಾಲದಲ್ಲಿ ಉತ್ತು ಬಿತ್ತದೆ, ಮೀನು ಹಿಡಿದು, ದಂಡೆಯ ಚಿಪ್ಪು, ಶಂಖ ಆಯ್ದು ತಿಂದು ಬದುಕಿದ ಜನ ಕಡಲಂಚಿನಲ್ಲಿದ್ದರಂತೆ. ಒಳಗಿನ ಮಾಂಸ ಅವರ ಹೊಟ್ಟೆಗೆ ಹೋಯಿತು. ಉಳಿದ ಶಂಖ ಬಳೆಯಾಗಿ ಕೈಯಿಂದ ಕೈಗೆ ದಾಟುತ್ತ ಇಲ್ಲಿಗೆ ಬಂದಿರಬೇಕು.

"ಸಮುಂದರ್ ಕಾಣದ ಊರಾಗ ಕೂಸಿನ ಕೈಯಾಗ ಸಮುಂದರಿನ ಬಳಿ," ಎಂದರು. "ಕೈಮ್ಯಾಲ ಇದ್ದಂಗೇ ನಕ್ಷಾ ತೆಗೀಬೇಕು. ಯಾರೂ ಮುಟ್ಟಬ್ಯಾಡ್ರಿ." ಹಾಗೆಂದು ನಮಾಜಿಗೆ ಹೋದರು.

ನನಗೆ ತಡೆಯಲಾಗಲಿಲ್ಲ. ಶಂಖವೆಂದರೆ ವಿಷ್ಣುವಿನ ಕೈಯಲ್ಲಿರುವುದು, ಎಲುಬು ಮೈಲಿಗೆ. ಎರಡೂ ಅಂಟಿಕೊಂಡು ಬಿದ್ದಿರುವುದನ್ನು ನೋಡಿ ಮೈಯೆಲ್ಲ ಮುಳ್ಳಾಯಿತು. ಶಂಖವೂ ಒಂದು ಹುಳುವಿನ ಎಲುಬೇ ಎಂಬುದು ಈ ಬುದ್ಧಿವಂತನಿಗೆ ಹೊಳೆಯಲಿಲ್ಲ. ಗುಂಡಿಗಿಳಿದು ಬಳೆಗಳನ್ನು ಎಬ್ಬಿಸಿದೆ. ಮೂರೂ ಮುರಿದವು.

"ಹಂಗೇ ಬಿಡ್ರೀ ಮುನ್ಶಿಯವರ, ಕೂಸಿನ ಬಳಿ ಅವ," ಎಂದಳು ಆಕೆ.

"ನಿನಗೇನು ತಿಳೀತದ? ಸುಮ್ಕಿರು."

ಚೂರುಗಳನ್ನು ಬಾವಿಯ ನೀರಿನಲ್ಲಿ ತೊಳೆದು ಹತ್ತಿ ಹಾಸಿದ ಪೆಟ್ಟಿಗೆಯಲ್ಲಿಟ್ಟೆ. ನಾನೂ ತಲೆಗೆ ನೀರು ಸುರಿದುಕೊಂಡೆ.

ಸಾಹೇಬರು ಬಂದು ಕೂಸಿನ ಬರಿಗೈ ನೋಡಿ, ಯಾರು ತೆಗೆದದ್ದು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬೇಕಾದವನು ನಾನು. ರಿಜಿಸ್ಟರಿನ ಮೇಲೆ ಬಗ್ಗಿ ಕೂತೆ. ಗುಂಡಿಯಿಂದ ತೆಗೆಯುವವಳು ಆಕೆ, ಪೆಟ್ಟಿಗೆಗೆ ಹಾಕುವವನು ನಾನು. ಅವರು ಬೇರೆ ಯಾರನ್ನು ಅನುಮಾನಿಸಬೇಕು? ಆಕೆ ಒಮ್ಮೆ ನನ್ನ ಕಡೆ ನೋಡಿದಳು, ಅಷ್ಟೆ. ಮರುದಿನದಿಂದ ಅವಳಿಗೆ ಕೆಲಸವಿರಲಿಲ್ಲ.

ಪೊಲೀಸ್ ಕಾರ್ಯಾಚರಣೆಯ ನಂತರ ಸಾಹೇಬರು ಮರಳಲಿಲ್ಲ, ಅಗೆತ ನಿಂತಿತು. ಎಲುಬುಗಳು ಗೋಣಿಚೀಲದಲ್ಲಿ, ಶಂಖದ ಪೆಟ್ಟಿಗೆ ಬೇರೆ ಬಂಡಿಯಲ್ಲಿ ಹೋದವು. ಎಲ್ಲಿಗೆಂದು ನಾನು ವಿಚಾರಿಸಲಿಲ್ಲ.

ಕೆಲವು ತಿಂಗಳ ಮೇಲೆ, ತಡೆಯಲಾರದೆ, ಅವಳ ಕೇರಿಗೆ ಹೋದೆ. ಅದುವರೆಗೆ ಅಲ್ಲಿ ಕಾಲಿಟ್ಟವನಲ್ಲ. ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನಿನ್ನ ಕೆಲಸ ಕಳೆದವನು ನಾನೇ, ತಪ್ಪಾಯಿತು ಎಂದೆ. ಪೂರ್ತಿ ಕೇಳಿದಳು.

"ನಂದು ಇರ್ಲಿ ಬಿಡ್ರೀ, ಬುಟ್ಟಿ ಹೊರೂದು ನನಗೇನು ಹೊಸದಲ್ಲ. ಆ ಬಳಿ ಕೂಸಿಗಿ ತಿರುಗಿ ಕೊಟ್ರೇನ್ರೀ?"

ಪೆಟ್ಟಿಗೆಗೆ ನಾನೇ ದುಂಡಗೆ ಬರೆದು ಅಂಟಿಸಿದ ಚೀಟಿ ನೆನಪಾಯಿತು: 'ಶಂಖದ ಚೂರುಗಳು, ಕಮಲಾಪುರ.' ಕೂಸಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.