ಗೋಡೆಯಾಚೆಯ ರೊಟ್ಟಿ ಸಪ್ಪಳ

ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯಿಂದ ಜೋಳದ ರೊಟ್ಟಿ ಬೇಯುವ ವಾಸನೆ ಬಂತು. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಾಗ ಏಳುತ್ತದಲ್ಲ, ಆ ವಾಸನೆ. ಅದರ ಹಿಂದೆಯೇ ರೊಟ್ಟಿ ಬಡಿಯುವ ಸಪ್ಪಳ. ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಬಿಟ್ಟೆ. ಸವಣೂರಿನ ನಮ್ಮ ನೆರೆಮನೆಯ ಆಪಾ ನೆನಪಾದರು; ಆಪಾ ಎಂದರೆ ಅವರ ಮಾತಿನಲ್ಲಿ ಅಕ್ಕ...

ನಾನು ತಿಳವಳ್ಳಿ ಕಡೆಯವಳು, ಅನ್ನ ಉಂಡು ಬೆಳೆದವಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಸವಣೂರಿಗೆ ಸೊಸೆಯಾಗಿ ಬಂದಾಗ ನೆಟ್ಟಗೆ ಒಂದು ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಮ್ಮ ಅಡುಗೆಮನೆಗೂ ಆಪಾನ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ, ಅದೂ ಮೇಲಿನವರೆಗೆ ಮುಟ್ಟಿರಲಿಲ್ಲ. "ತಂಗೆವ್ವಾ, ರೊಟ್ಟಿ ಹರೀತಲ್ಲ?" ಎಂದು ಅವರು ಆಚೆಯಿಂದಲೇ ಕೇಳುತ್ತಿದ್ದರು. ಸಪ್ಪಳದ ಮೇಲೆಯೇ ಅವರಿಗೆ ತಿಳಿಯುತ್ತಿತ್ತು. "ಅವಸರ ಮಾಡಬ್ಯಾಡ. ಸಬರ್ ಮಾಡಿ ಇನ್ನಷ್ಟು ನಾದು."

ಸಬರ್ ಎಂದರೆ ತಾಳ್ಮೆ ಎಂದು ನಮ್ಮತ್ತೆ ತಿಳಿಸಿಕೊಟ್ಟರು. ಅಷ್ಟಕ್ಕೇ ಬಿಡದೆ 'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನೂ ಸೇರಿಸಿದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ಗಾದೆ ಕಿವಿಗೆ ಬಿದ್ದರೇ ಮೈ ಉರಿಯುತ್ತಿತ್ತು.

ಮರುವರ್ಷ ರಂಜಾನಿಗೆ ಒಂದು ತಿಂಗಳು ಮುಂಚೆ ಆಪಾನ ಒಬ್ಬನೇ ಮಗ ವಿಷಮಶೀತ ಜ್ವರದಲ್ಲಿ ಮಲಗಿದ. ಐದಾರು ವರ್ಷದ ಹುಡುಗ. ಆಗ ಅದಕ್ಕೆ ಮದ್ದು ಎನ್ನುವಂಥದ್ದೇನೂ ಇರಲಿಲ್ಲ, ಕಾಯಬೇಕಿತ್ತು. ವಾರಗಳಾದ ಮೇಲೆ ಜ್ವರ ಇಳಿಯಿತು, ಹಸಿವು ಕೆರಳಿತು. ಆದರೆ ಕರುಳು ಇನ್ನೂ ಹಸಿಯಾಗಿದೆ, ತಾನು ಹೇಳುವವರೆಗೆ ತೆಳ್ಳನೆಯ ಗಂಜಿ ಬಿಟ್ಟು ಏನೂ ಕೂಡದು ಎಂದು ಹಕೀಮರು ಖಡಾಖಂಡಿತವಾಗಿ ಹೇಳಿದ್ದರು. ಅದು ಬರೀ ಬೆದರಿಕೆಯ ಮಾತಾಗಿರಲಿಲ್ಲ. ಹಿಂದಿನ ವರ್ಷ ನಮ್ಮ ಓಣಿಯಲ್ಲೇ, ಜ್ವರ ಬಿಟ್ಟ ಹುಡುಗಿಯ ಗೋಳು ನೋಡಲಾರದೆ ರೊಟ್ಟಿ ಕೊಟ್ಟವರು ಎರಡು ದಿನದಲ್ಲಿ ಅವಳನ್ನು ಮಣ್ಣು ಮಾಡಿ ಬಂದಿದ್ದರು.

ನಾನು ಈಚೆ ರೊಟ್ಟಿ ಬಡಿಯತೊಡಗಿದರೆ ಆಚೆ ಹುಡುಗ "ರೊಟ್ಟಿ, ರೊಟ್ಟಿ" ಎಂದು ಅಳುತ್ತಿದ್ದ. ಅದು ನನ್ನ ಸಪ್ಪಳಕ್ಕೆ ಎಂದು ನನಗೆ ಹೊಳೆಯಲೇ ಇಲ್ಲ, ಅತ್ತೆಗೆ ಹೊಳೆಯಿತು. ಹೋಗಿ, ಮೊದಲೇ ಯಾಕೆ ಹೇಳಲಿಲ್ಲ ಎಂದು ಆಪಾನನ್ನು ಗದರಿದರು.

"ನಿಮ್ಮ ಮನ್ಯಾಗ ಒಲಿ ಹಚ್ಚಬ್ಯಾಡ್ರಿ ಅಂತ ನಾ ಹ್ಯಾಂಗ ಹೇಳ್ಲಿರಿ?" ಎಂದರಂತೆ ಆಪಾ.

ಅಂದಿನಿಂದ ನಮ್ಮ ರೊಟ್ಟಿ ಒಲೆ ಹಿತ್ತಲಿನ ಕೊನೆಗೆ ಹೋಯಿತು. ಗಾಳಿಗೆ ಹೊಗೆಯೆಲ್ಲ ನನ್ನ ಕಣ್ಣಿಗೆ, ಹಿಟ್ಟಿಗೆ ಕೋಳಿಗಳ ಕಾಟ. ಗೊಣಗುತ್ತಲೇ ಬಡಿದೆ, ಸುಳ್ಳೇಕೆ ಹೇಳಲಿ.

ರಂಜಾನ್ ಬಂದ ಮೇಲೆ ಆಪಾಗೆ ಒಂದು ದಾರಿ ಸಿಕ್ಕಿತು. ನಾನೂ ಉಪವಾಸ, ನೀನೂ ಉಪವಾಸ, ಇಬ್ಬರೂ ಕೂಡಿಯೇ ದಿನ ಕಳೆಯೋಣ ಎಂದು ಮಗನನ್ನು ಒಪ್ಪಿಸಿದರು. ಅವನಿಗೆ ಆಗಾಗ ಗಂಜಿ ಸಿಗುತ್ತಿತ್ತು, ಅವರಿಗೆ ಅದೂ ಇಲ್ಲ. ಆದರೂ ಅವ್ವನೂ ತಿಂದಿಲ್ಲ ಎಂಬುದೇ ಆ ಕೂಸಿಗೆ ದೊಡ್ಡ ಸಮಾಧಾನವಾಗಿತ್ತು...

ಹಾಗೇ ತಿಂಗಳು ಮುಗಿದು ಹಬ್ಬ ಬಂತು. ಹಬ್ಬದ ದಿನ ಉಪವಾಸ ಇರುವಂತಿಲ್ಲ, ಅದು ಅವರ ಧರ್ಮ. ತಾಯಿ ಉಣ್ಣಲೇಬೇಕು, ಮಗ ಉಣ್ಣಕೂಡದು. ಹಬ್ಬಕ್ಕೆ ಮಾತಾಡಿಸಿ ಬರಲು ನಾನು ಹೋದಾಗ ಆಪಾನ ಅತ್ತೆ ಸುರಕುಂಬದ ಬಟ್ಟಲು ಹಿಡಿದು ಮೊಮ್ಮಗನ ಮುಂದೆ ಕೂತಿದ್ದರು. ಹಾಲು, ಶಾವಿಗೆ, ಉತ್ತತ್ತಿಯ ಘಮ ಮನೆಯೆಲ್ಲ ತುಂಬಿತ್ತು. ಹುಡುಗ ಬಾಯಿ ತೆರೆದಿದ್ದ. ಆಪಾ ನಡುವೆ ಕೈ ಅಡ್ಡ ಹಿಡಿದರು.

"ಹಬ್ಬದ ದಿನ ಕೂಸಿನ ಬಾಯಿಗೆ ಒಂದು ಚಮಚ ಬಿದ್ರ ಏನಾಕ್ಕೈತಿ? ನೀ ಹೆತ್ತ ತಾಯಿ ಹೌದೋ ಅಲ್ಲೋ?" ಎಂದು ನನ್ನನ್ನು ಸಾಕ್ಷಿಗೆ ಕರೆಯುವವರಂತೆ ಮುದುಕಿ ನನ್ನ ಕಡೆಗೂ ನೋಡಿದರು. ಮನಸ್ಸಿನಲ್ಲಿ ನಾನು ಅವರ ಪಕ್ಷವೇ ಆಗಿದ್ದೆ. ಒಂದು ಚಮಚ ತಾನೇ!

"ಬ್ಯಾಡ್ರಿ ಅತ್ತಿ. ಹಕೀಮರು ಹೂಂ ಅನ್ನೂಮಟ ಬ್ಯಾಡ," ಎಂದರು ಆಪಾ. ದನಿ ಏರಲಿಲ್ಲ, ಕಣ್ಣು ಮಾತ್ರ ತುಂಬಿ ಹರಿಯುತ್ತಿತ್ತು. ಆಮೇಲೆ ಸುರಕುಂಬವನ್ನು ದೂರ ಸರಿಸಿ, ಮಗನ ಗಂಜಿಯ ಬಟ್ಟಲನ್ನೇ ಎತ್ತಿ ತಾವು ಎರಡು ಗುಟುಕು ಕುಡಿದರು. ಅದೇ ಅವರ ಹಬ್ಬದೂಟ. ಹುಡುಗ ಅವ್ವನ ಮುಖವನ್ನೇ ದಿಟ್ಟಿಸಿದ, ಆಮೇಲೆ ಗಂಜಿಗೆ ಬಾಯಿ ತೆರೆದ.

ಸಂಜೆ ಬಾವಿಯ ಹತ್ತಿರ ಕೇಳಿದೆ: "ಆಪಾ, ಸಬರ್ ಅಂತೀರಿ, ಮತ್ತ ಅತ್ತಿರಲ್ರಿ?"

"ಅತ್ತರ ಸಬರ್ ಕೆಡೂದಿಲ್ಲವ್ವಾ, ಕೈ ಸಡಲಬಾರ್ದು. ಕಷ್ಟ ಕೊಟ್ಟಾಂವ ಅಳತಿ ಹಿಡದ ಕೊಟ್ಟಿರ್ತಾನ. ಮುಗೀತೈತಿ."

ಮುಗಿಯಿತು. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ನಾನು ಹಿಟ್ಟಿನ ಬುಟ್ಟಿ ಹೊತ್ತು ಹಿತ್ತಲಿಗೆ ಹೊರಟಿದ್ದಾಗ ಗೋಡೆಯಾಚೆಯಿಂದ ಕೂಗು ಕೇಳಿತು. "ತಂಗೆವ್ವಾ, ಹಕೀಮರು ಹೂಂ ಅಂದ್ರು! ಇವತ್ತ ಒಳಗ ಬಡಿ, ಜೋರಾಗಿ ಬಡಿ!"

ಬಡಿದೆ ನೋಡಿ, ಓಣಿಗೆಲ್ಲ ಕೇಳುವಂತೆ ಬಡಿದೆ. ಅಳುತ್ತಾ ಬಡಿದದ್ದರಿಂದ ರೊಟ್ಟಿ ಹರಿಯಿತು. "ಹರೀತಲ್ಲ?" ಎಂದರು ಆಪಾ. "ಹರದದ್ದ ಕೊಡ್ರಿ!" ಎಂದು ಹುಡುಗ ಕಿರುಚಿದ. ಗೋಡೆಯ ಮೇಲಿಂದ ದಾಟಿಸಿದೆ. ಹಾಲಿನಲ್ಲಿ ನೆನೆಸಿದ ಅಂಗೈಯಗಲದ ಚೂರನ್ನು ಅವನು ತಿಂದು ಮುಗಿಸುವವರೆಗೆ ಅತ್ತೆಯೂ ನಾನೂ ಗೋಡೆಗೆ ಕಿವಿಗೊಟ್ಟು ನಿಂತಿದ್ದೆವು. ಅಂಥ ಹಗುರವನ್ನು ನನ್ನ ಎದೆ ಮತ್ತೆ ಕಂಡದ್ದು ಕಡಿಮೆ.

ಆ ಹುಡುಗ ಬೆಳೆದ, ಮಕ್ಕಳ ತಂದೆಯಾದ. ಆಪಾ ತೀರಿಕೊಂಡ ದಿನ ಅವರ ಮನೆಯಲ್ಲಿ ಒಲೆ ಹಚ್ಚಲಿಲ್ಲ, ನಾನೇ ರೊಟ್ಟಿ ಬಡಿದು ಗೋಡೆ ದಾಟಿಸಿದೆ. ಅವನು ಕೈಚಾಚಿ ತೆಗೆದುಕೊಂಡ...

ಮೊನ್ನೆ ಕೇಳುತ್ತ ಕೂತಿದ್ದಂತೆ ಪಕ್ಕದ ಮನೆಯ ಸಪ್ಪಳ ತಟಕ್ಕನೆ ಬದಲಾಯಿತು. ಹೊಸ ಸೊಸೆ, ಇನ್ನೂ ಕೈ ಪಳಗಿಲ್ಲ. "ಹರೀತಲ್ಲ? ಅವಸರ ಮಾಡಬ್ಯಾಡ, ಸಬರ್ ಮಾಡಿ ನಾದು," ಎಂದು ಕಿಟಕಿಯಿಂದ ಕೂಗಿದೆ. ಆ ಹುಡುಗಿ ನಕ್ಕಳು. ನಾನು ಇನ್ನೊಬ್ಬರಿಗೆ ತಾಳ್ಮೆ ಹೇಳುವುದನ್ನು ಕೇಳಿದ್ದರೆ ಆಪಾ ಇನ್ನೂ ಜೋರಾಗಿ ನಗುತ್ತಿದ್ದರು. ಕೇಳಲು ಅವರಿಲ್ಲ.