ಧೂಳಿಲ್ಲದ ಪ್ಲೇಟ್

ಭಾನುವಾರ ಸಂಜೆ ಮೊಮ್ಮಗಳು ತನ್ನ ದೊಡ್ಡ ಬ್ಯಾಗನ್ನು ನಡುಮನೆಯಲ್ಲಿ ಇಳಿಸಿ ಜಿಪ್ ಎಳೆದಳು. ಎಳೆದದ್ದೇ ತಡ, ಆ ವಾಸನೆ ಎದ್ದಿತು. ಬೆವರು ಕುಡಿದ ಸ್ಪಂಜು, ಬಿಸಿಲಿಗೆ ಕಾದ ಚರ್ಮದ ಪಟ್ಟಿ, ಮೈದಾನದ ಕೆಮ್ಮಣ್ಣು ಎಲ್ಲ ಸೇರಿದ ವಾಸನೆ. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರೋ ಏನೋ. ನಾನು ಬ್ಯಾಗಿನ ಮೇಲೆ ಬಗ್ಗಿ ಇನ್ನೊಮ್ಮೆ ಉಸಿರೆಳೆದುಕೊಂಡೆ.

ಅವತ್ತು ಅವಳು ಮೊದಲನೇ ಸಲ ದೊಡ್ಡ ಪಂದ್ಯಕ್ಕೆ ಅಂಪೈರ್ ಆಗಿ ನಿಂತಿದ್ದಳು. ನೆಲಮಂಗಲದ ಹತ್ತಿರ, ಹೆಣ್ಣುಮಕ್ಕಳ ಬೇಸ್‌ಬಾಲ್. ಅವಳ ಅಮ್ಮನಿಗೆ, ಅಂದರೆ ನನ್ನ ಮಗಳಿಗೆ, ಸೋಂಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಇತ್ತು. ಹಾಗಾಗಿ ನಾನೊಬ್ಬಳೇ ದೊಡ್ಡಬಳ್ಳಾಪುರದಿಂದ ಬಸ್ಸು ಹತ್ತಿ ಹೋಗಿದ್ದೆ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅಂಥವಳ ಮೊಮ್ಮಗಳು ಕೈ ಎತ್ತಿ ಒಂದು ಸಲ ಕೂಗಿದರೆ ಅಷ್ಟು ಜನ ಆಟಗಾರ್ತಿಯರು, ಅವರ ಕೋಚುಗಳು, ಎಲ್ಲರೂ ತೆಪ್ಪಗಾಗುತ್ತಿದ್ದರು! ಖುಷಿಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ, ಡಬ್ಬಿಯಲ್ಲಿದ್ದ ಚಕ್ಕುಲಿಯನ್ನೆಲ್ಲ ಗುರುತಿಲ್ಲದವರಿಗೆ ಹಂಚಿಬಿಟ್ಟೆ. ‘ಅಗೋ, ಎಲ್ಲರ ಹಿಂದೆ ಬಗ್ಗಿ ನಿಂತವಳು ನಮ್ಮ ಹುಡುಗಿ’ ಎಂದು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ.

ಆದರೆ ಆ ವಾಸನೆ ನನಗೆ ಮೊಮ್ಮಗಳಿಗಿಂತ ಹಳೆಯದು. ಅದು ನಮ್ಮ ಪೀಟಿ ಮೇಷ್ಟ್ರದ್ದು…

ಮಗಳು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲ. ಆಗ ನಮ್ಮ ಬೀದಿಯಲ್ಲಿ ಬೆಳಗಿನಿಂದ ಕತ್ತಲಾಗುವವರೆಗೂ ಮಗ್ಗದ ಸದ್ದು. ನಮ್ಮ ಮನೆಯವರು ಮಗ್ಗದಲ್ಲಿ ಕೆಲಸ ಮಾಡುತ್ತಿದ್ದರು, ನಾನು ಹೊಲಿಗೆ ಮಿಷನ್ನಿನಲ್ಲಿ ದಿಂಬು, ಹಾಸಿಗೆ, ಹಳೆ ಸೀರೆಯ ಬೊಂತೆ ಹೊಲಿಯುತ್ತಿದ್ದೆ. ಒಂದು ದಿನ ಪೀಟಿ ಮೇಷ್ಟ್ರು ಬಾಗಿಲಲ್ಲಿ ನಿಂತು, “ಅಮ್ಮಾ, ಹಾಸಿಗೆ ಹೊಲೀತೀರಂತೆ. ನನ್ನ ಎದೆಗೊಂದು ಹಾಸಿಗೆ ಹೊಲ್ಕೊಡ್ತೀರಾ?” ಅಂದರು.

ಒಳಗಿದ್ದ ನಮ್ಮ ಮನೆಯವರಿಗೆ ನಗು. “ಏನ್ ಮೇಷ್ಟ್ರೇ, ಯುದ್ಧಕ್ಕೇನಾರಾ ಹೊರಟ್ರಾ?”

“ಯುದ್ಧ ಆಗಿದ್ರೆ ನಾನೂ ನಾಲ್ಕು ಬಿಗೀಬೋದಿತ್ತಲ್ಲಣ್ಣ. ಇದು ಬರೀ ಹೊಡೆಸ್ಕೊಳೋ ಕೆಲಸ.”

ಅವರು ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸುತ್ತಿದ್ದರು. ಮೊಮ್ಮಗಳ ಬೇಸ್‌ಬಾಲಿಗೆ ಅದು ಅಕ್ಕನೋ ತಂಗಿಯೋ ಇದ್ದ ಹಾಗೆ. ಎದುರಿನಿಂದ ಒಬ್ಬಳು ಚೆಂಡು ಎಸೆಯುತ್ತಾಳೆ, ಇನ್ನೊಬ್ಬಳು ಬ್ಯಾಟು ಬೀಸುತ್ತಾಳೆ. ಬ್ಯಾಟಿನವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವಳು ಕ್ಯಾಚರ್. ನನ್ನ ಮಗಳು ಅದೇ. ಅವಳ ಬೆನ್ನ ಹಿಂದೆ ಬಗ್ಗಿ ನಿಂತು ತೀರ್ಪು ಹೇಳುವವರು ಅಂಪೈರ್. ನೆಲಕ್ಕೆ ಹಾಕಿರುವ ಬಿಳಿ ಪ್ಲೇಟಿನ ಮೇಲೆ, ಬ್ಯಾಟಿನವಳ ಮೊಣಕಾಲಿಗೂ ಕಂಕುಳಿಗೂ ನಡುವೆ ಚೆಂಡು ಹಾದರೆ ಅದು ಸ್ಟ್ರೈಕು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಬ್ಯಾಟಿಗೆ ಸವರಿ ದಿಕ್ಕು ತಪ್ಪಿದ ಚೆಂಡು ಕ್ಯಾಚರಿಗೆ ಸಿಗದಿದ್ದರೆ ಹಿಂದೆ ನಿಂತವರ ಮೈಗೇ ಬರುತ್ತದೆ. ಹಾಗೆಂದು ಪಕ್ಕಕ್ಕೆ ಸರಿಯುವಂತಿಲ್ಲ. ಸರಿದರೆ ಚೆಂಡು ಕಾಣುವುದಿಲ್ಲವಲ್ಲ.

ಮೇಷ್ಟ್ರೇ ಸೀಟು ಹೊಲಿಯುವ ಅಂಗಡಿಯಿಂದ ಸ್ಪಂಜು ತಂದರು. ಅದರ ಎರಡೂ ಬದಿಗೆ ಮಗ್ಗದ ನೂಲಿನ ಚಿಂದಿ ತುಂಬಿ, ನನ್ನ ಹಳೆಯ ಹೂವಿನ ಸೀರೆಯನ್ನು ಒಳಗೆ ಕೊಟ್ಟು, ಉದ್ದುದ್ದಕ್ಕೆ ಒತ್ತಾಗಿ ಹೊಲಿಗೆ ಹಾಕಿದೆ. ಬೆನ್ನ ಹಿಂದೆ ಕಟ್ಟಿಕೊಳ್ಳಲು ಲಂಗದ ಲಾಡಿ. ಮುಖವಾಡವನ್ನು ಗ್ರಿಲ್ ಮಾಡುವವನ ಹತ್ತಿರ ಕಂಬಿ ಬಗ್ಗಿಸಿ ಮಾಡಿಸಿಕೊಂಡಿದ್ದರು. ಕಾಲಿಗೆ ಯಾರದೋ ಹಳೆ ಕ್ರಿಕೆಟ್ ಪ್ಯಾಡು. ಎದೆಯ ಪ್ಯಾಡನ್ನು ಶರಟಿನೊಳಗೆ ಕಟ್ಟಿಕೊಂಡು ಬಂದ ದಿನ ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, “ಲೇ, ಮೇಷ್ಟ್ರಿಗೆ ಒಂದೇ ರಾತ್ರೀಲಿ ಹೊಟ್ಟೆ ಬಂದ್ಬಿಟ್ಟಿದೆ ನೋಡ್ರೇ!” ಎಂದು ನಕ್ಕರಂತೆ.

ಅವರು ಪ್ಲೇಟು ಗುಡಿಸುವ ರೀತಿ ನೋಡಬೇಕಿತ್ತು. ಪ್ಯಾಂಟಿನ ಜೇಬಿನಲ್ಲಿ ಬಣ್ಣ ಬಳಿಯುವ ಸವೆದ ಬ್ರಷ್ಷು. ಪ್ಲೇಟಿನ ಮೇಲೆ ಮಣ್ಣು ಕೂತರೆ ಆಟ ನಿಲ್ಲಿಸಿ, ಸುತ್ತಿ ಮುಂದಕ್ಕೆ ಬಂದು, ಜನರ ಕಡೆ ಬೆನ್ನು ತೋರಿಸಬಾರದೆಂದು ನಮ್ಮ ಕಡೆಗೇ ಮುಖ ಮಾಡಿ ಬಗ್ಗುತ್ತಿದ್ದರು. ಮೊದಲ ದಿನ ನನ್ನ ಪಕ್ಕದ ಮನೆಯಾಕೆ, ಮೇಷ್ಟ್ರು ನಮಗೇ ತಲೆಬಾಗಿದರು ಎಂದುಕೊಂಡು ಎದ್ದು ನಿಂತು ಕೈ ಮುಗಿದುಬಿಟ್ಟಳು.

ಆ ವರ್ಷ ತಾಲ್ಲೂಕು ಮಟ್ಟದ ಕೊನೆಯ ಪಂದ್ಯ ರಾಜಘಟ್ಟದ ಕಡೆಯ ಹುಡುಗಿಯರ ಮೇಲೆ. ಗೆದ್ದವರು ಜಿಲ್ಲೆಗೆ ಹೋಗುತ್ತಾರೆ. ಆಟ ಬಲ್ಲ ಬೇರೆ ಯಾರೂ ಇಲ್ಲದೆ ಎರಡೂ ಕಡೆಯವರು ಒಪ್ಪಿ ನಮ್ಮ ಮೇಷ್ಟ್ರನ್ನೇ ನಿಲ್ಲಿಸಿದ್ದರು. ಆಟದ ಮಧ್ಯೆ ಒಂದು ಚೆಂಡು ಬ್ಯಾಟಿಗೆ ಸವರಿ ಬಂದು ಮಗಳ ಭುಜಕ್ಕೆ ಬಡಿಯಿತು. ಅವಳು ತಲೆ ತಗ್ಗಿಸಿ ಕೂತುಬಿಟ್ಟಳು. ಹಿಂದೆಯೇ ಇದ್ದ ಮೇಷ್ಟ್ರು ಮುಟ್ಟಿ ನೋಡಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ಬ್ರಷ್ಷು ತೆಗೆದು ಪ್ಲೇಟು ಗುಡಿಸಲು ನಿಂತರು! ಗುಡಿಸಿದರು, ಗುಡಿಸಿದರು, ಎಷ್ಟು ಹೊತ್ತು… ಹುಡುಗಿ ಸಂಕಟಪಡುತ್ತಿದ್ದರೆ ಈ ಮನುಷ್ಯನಿಗೆ ಕಸದ್ದೇ ಚಿಂತೆಯಲ್ಲಾ ಅನ್ನಿಸಿತು.

ಕೊನೆಯಲ್ಲಿ ಒಂದೇ ಒಂದು ರನ್ ಬೇಕಿತ್ತು. ಮೂಲೆಗಳನ್ನೆಲ್ಲ ಸುತ್ತಿ ಬಂದು ಪ್ಲೇಟು ಮುಟ್ಟಿದರೆ ರನ್, ಅಷ್ಟರೊಳಗೆ ಚೆಂಡು ಮೈಗೆ ತಾಗಿಸಿದರೆ ಔಟ್. ನನ್ನ ಮಗಳು ಮೂರನೇ ಮೂಲೆಯಿಂದ ಓಡಿಬಂದು ಪ್ಲೇಟಿಗೆ ಕಾಲು ಚಾಚಿ ಜಾರಿದಳು. ಆ ಕಡೆಯ ಕ್ಯಾಚರ್ ಚೆಂಡು ಹಿಡಿದ ಕೈಯನ್ನು ಅವಳ ಕಾಲಿಗೆ ಒತ್ತಿದಳು. ಧೂಳೆದ್ದಿತು. ಮೇಷ್ಟ್ರು ಧೂಳು ಇಳಿಯುವವರೆಗೂ ಕಾದು, ಮುಷ್ಟಿ ಎತ್ತಿ “ಔಟ್!” ಅಂದರು. ತಾವೇ ಕಲಿಸಿದ ಹುಡುಗಿಗೆ, ತಮ್ಮದೇ ಶಾಲೆಗೆ.

ಜನ ಚದುರುವ ಮೊದಲೇ ನಾನು ಮೈದಾನಕ್ಕೆ ಇಳಿದೆ. “ಮೇಷ್ಟ್ರೇ, ನಮ್ಮ ಸಾಮಾನು ನಮಗೆ ಕೊಡಿ” ಅಂದೆ. ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಸಣ್ಣದಾಯಿತು. “ಬೆವರಾಗಿದೆ ಕಣಮ್ಮ. ಒಗೆದು ನಾಳೆ ಕೊಟ್ಕಳಿಸ್ತೀನಿ.”

“ಬೇಡ. ಹಂಗೇ ಕೊಡಿ.”

ಅಷ್ಟು ಜನರ ಎದುರಿಗೆ ಶರಟಿನ ಗುಂಡಿ ಬಿಚ್ಚಿ, ಲಾಡಿ ಕಳಚಿ, ಒದ್ದೆ ಪ್ಯಾಡನ್ನು ಮಡಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಈಗ ಬ್ಯಾಗಿನಿಂದ ಎದ್ದ ವಾಸನೆಯೇ ಅವತ್ತು ಮನೆಯವರೆಗೂ ನನ್ನ ಕಂಕುಳಲ್ಲಿ ಬಂದಿತ್ತು. ಮನೆಗೆ ಬಂದವಳೇ ಅದನ್ನು ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಹಾಕಿ ಅದರ ಮೇಲೆ ಕೂತೆ. ಮಗಳು ಮಾತ್ರ ಮೂಲೆಯಲ್ಲಿ ನಿಂತು, “ಕಾಲಿಗೆ ಚೆಂಡು ಟಚ್ ಆಗಿತ್ತು ಕಣಮ್ಮ. ನಂಗೇ ಗೊತ್ತಾಯ್ತು” ಅಂದಳು. “ಬಾಯ್ಮುಚ್ಕೊಂಡು ಊಟ ಮಾಡು” ಅಂದೆ.

ಮುಂದಿನ ಭಾನುವಾರ ಜಿಲ್ಲಾ ತಂಡಕ್ಕೆ ಹುಡುಗಿಯರನ್ನು ಆರಿಸುವ ಆಟ. ಸೋತವರಲ್ಲೂ ಚೆನ್ನಾಗಿ ಆಡಿದವರನ್ನು ಕರೆದಿದ್ದರಿಂದ ಮಗಳೂ ಇದ್ದಳು. ಅಂಪೈರ್ ಮತ್ತೆ ಅವರೇ. ಅವರ ಹೊಟ್ಟೆ ಇಳಿದುಹೋಗಿದ್ದದ್ದು ನನಗೆ ದೂರದಿಂದಲೇ ಕಂಡಿತು. ಸುಮ್ಮನೆ ಕೂತೆ.

ಮೂರೋ ನಾಲ್ಕೋ ಚೆಂಡಾಗಿರಬೇಕು. ಬ್ಯಾಟಿಗೆ ಸವರಿದ ಒಂದು ಚೆಂಡು ಮಗಳ ಕೈತಪ್ಪಿ ಹೋಗಿ ಮೇಷ್ಟ್ರ ಎದೆಗೆ ಬಿತ್ತು. ಆ ಸದ್ದು ಕೂತ ಜಾಗಕ್ಕೇ ಕೇಳಿತು. ಅವರು ಎರಡೂ ಕೈಯನ್ನು ಮೊಣಕಾಲಿಗೆ ಊರಿ ಬಗ್ಗಿದರು. ಶರಟಿನೊಳಗಿಂದ ಮಡಿಸಿಟ್ಟ ಒಂದು ಟವೆಲ್ಲು ಜಾರಿ ಕೆಳಗೆ ಬಿತ್ತು. ನನ್ನ ಪ್ಯಾಡಿನ ಬದಲು ಅದನ್ನು ಇಟ್ಟುಕೊಂಡಿದ್ದರು. ಜನ ಗೊಳ್ಳೆಂದು ನಕ್ಕರು. “ಮೇಷ್ಟ್ರೇ, ಸ್ನಾನಕ್ಕೆ ಹೊರಟ್ರಾ?” ಅಂತ ಯಾರೋ ಕೂಗಿದ. ಅವರಿಗೆ ಉಸಿರೇ ಬರುತ್ತಿರಲಿಲ್ಲ…

ಆಗ ನನ್ನ ಮಗಳು ಎದ್ದು ಕೈ ಎತ್ತಿ ಆಟ ನಿಲ್ಲಿಸಲು ಕೇಳಿದಳು. ಮೇಷ್ಟ್ರ ಕಡೆ ತಿರುಗಿಯೂ ನೋಡದೆ ಚೆಂಡೆಸೆಯುವವಳ ಹತ್ತಿರ ನಿಧಾನಕ್ಕೆ ನಡೆದು ಹೋದಳು. ಏನೋ ಮಾತಾಡಿದಳು. ಕೂತು ಬೂಟಿನ ದಾರ ಬಿಚ್ಚಿದಳು, ಕಟ್ಟಿದಳು, ಇನ್ನೊಂದನ್ನೂ ಬಿಚ್ಚಿದಳು. ಜನರ ಕಣ್ಣೆಲ್ಲ ಅವಳ ಮೇಲೆ. “ಏಯ್, ಬೇಗ ಬಾರಮ್ಮಾ!” ಎಂದು ಬೈಗುಳ ಶುರುವಾಯಿತು. ಅವಳು ತಿರುಗಿ ಬರುವಷ್ಟರಲ್ಲಿ ಮೇಷ್ಟ್ರು ನೆಟ್ಟಗೆ ನಿಂತಿದ್ದರು. ಟವೆಲ್ಲು ಮತ್ತೆ ಒಳಗೆ ಸೇರಿತ್ತು.

ಮನೆಗೆ ಬರುವ ದಾರಿಯಲ್ಲಿ, “ಅದೇನೇ ಅಷ್ಟೊತ್ತು ಹರಟೆ ಹೊಡೀತಿದ್ದೆ?” ಅಂತ ಕೇಳಿದೆ.

“ಏನೂ ಇಲ್ಲ. ಸಾರ್‌ಗೆ ಉಸಿರು ಬರ್ಲಿ ಅಂತ. ಅವರೂ ಅವತ್ತು ಹಂಗೇ ಮಾಡಿದ್ರಲ್ಲಮ್ಮ. ನಂಗೆ ಏಟು ಬಿದ್ದಾಗ ಪ್ಲೇಟಲ್ಲಿ ಧೂಳೆಲ್ಲಿತ್ತು? ಮುಟ್ಟಿ ವಿಚಾರಿಸಿದ್ರೆ ನಾನು ಎಲ್ಲರ ಮುಂದೆ ಅತ್ತೇಬಿಡ್ತಿದ್ದೆ.”

ಮಾರನೇ ಬೆಳಿಗ್ಗೆ ಸ್ಟೂಲಿನ ಮೇಲಿನ ಪ್ಯಾಡು ತೆಗೆದೆ. ವಾರವೆಲ್ಲ ಕೂತು ಚಪ್ಪಟೆಯಾಗಿತ್ತು. ಬಿಚ್ಚಿ, ಹೊಸ ಚಿಂದಿ ತುಂಬಿ, ಹೊಲಿದು ಶಾಲೆಗೆ ಹೋದೆ. ಮೇಷ್ಟ್ರು ಮೈದಾನದಲ್ಲಿ ಸುಣ್ಣದ ಪುಡಿಯ ಗೆರೆ ಎಳೆಯುತ್ತಿದ್ದರು. ದಾರಿಯುದ್ದಕ್ಕೂ ‘ತಪ್ಪಾಯ್ತು ಮೇಷ್ಟ್ರೇ’ ಅನ್ನುವ ಮಾತು ಜೋಡಿಸಿಕೊಂಡು ಹೋದವಳು ಬರೀ ಪ್ಯಾಡು ಚಾಚಿದೆ, ತಲೆ ಎತ್ತಲಿಲ್ಲ. ಕಣ್ಣಲ್ಲಿ ನೀರು ಇನ್ನೇನು ಬೀಳಬೇಕು, ಅಷ್ಟರಲ್ಲಿ ಅವರು ಅದನ್ನು ಎದೆಗೆ ಹಿಡಿದು ನೋಡಿ, “ಲಾಡಿ ಗಿಡ್ಡ ಆಗಿದೆಯಲ್ಲಮ್ಮ. ಒಂದು ಗೇಣು ಉದ್ದ ಮಾಡ್ಕೊಡ್ತೀರಾ? ಅರ್ಜೆಂಟು” ಅಂದರು. ಸದ್ಯ, ಕೈಗೊಂದು ಕೆಲಸ ಸಿಕ್ಕಿತೆಂದು ಪ್ಯಾಡು ಹಿಡಿದು ಮನೆಗೆ ಓಡಿದೆ. ಲಾಡಿ ಉದ್ದ ಮಾಡಿ ಮಗಳ ಕೈಯಲ್ಲಿ ಕಳಿಸಿದೆ.

ಅದಾದ ಮೇಲಿನ ಪಂದ್ಯದಲ್ಲಿ ನೋಡುತ್ತೇನೆ, ಅವರ ಶರಟಿನ ಕೆಳಗಿಂದ ಲಾಡಿ ಇಳಿಬಿದ್ದಿದೆ. ಸರಿಯಾಗಿ ಒಂದು ಗೇಣು.

ಮಗಳು ಜಿಲ್ಲಾ ತಂಡಕ್ಕೆ ಎರಡು ವರ್ಷ ಆಡಿದಳು. ಮೇಷ್ಟ್ರಿಗೆ ವರ್ಗವಾಯಿತು. ಹೋಗುವಾಗ ಬಾಗಿಲವರೆಗೂ ಬಂದಿದ್ದರು, ಕಾಫಿ ಕುಡಿದರು. ಆಗಲೂ ಆ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಇನ್ನೊಂದು ಸಲ ಸಿಕ್ಕಾಗ ಹೇಳಿದರಾಯಿತು ಅಂದುಕೊಂಡೆ… ಎಷ್ಟೋ ವರ್ಷದ ಮೇಲೆ, ತೀರಿಕೊಂಡರಂತೆ ಎಂದು ಮಗಳೇ ಎಲ್ಲಿಂದಲೋ ತಿಳಿದುಕೊಂಡು ಬಂದು ಹೇಳಿದಳು.

ಈ ಭಾನುವಾರ ನೆಲಮಂಗಲದಲ್ಲಿ, ಆಟ ಅರ್ಧವಾಗಿತ್ತು. ಕ್ಯಾಚರ್ ಹುಡುಗಿಯ ಗಂಟಲ ಹತ್ತಿರ ಚೆಂಡು ಬಡಿದು ಅವಳು ಮಂಡಿ ಊರಿದಳು. ನನ್ನ ಮೊಮ್ಮಗಳು ಒಂದು ಸಲ ಅವಳ ಕಡೆ ಬಗ್ಗಿ ನೋಡಿದಳು. ಆಮೇಲೆ ಜೇಬಿನಿಂದ ಪುಟ್ಟ ಬ್ರಷ್ಷು ತೆಗೆದು, ಸುತ್ತಿ ಮುಂದಕ್ಕೆ ಬಂದು, ನಮ್ಮ ಕಡೆ ಮುಖ ಮಾಡಿ ಬಗ್ಗಿದಳು. ಗುಡಿಸಿದಳು, ಗುಡಿಸಿದಳು… ನನ್ನ ಚಕ್ಕುಲಿ ತಿನ್ನುತ್ತಿದ್ದ ಹೆಂಗಸು, “ಅಲ್ಲಜ್ಜಿ, ಪ್ಲೇಟು ಬೆಳ್ಳಗೇ ಇದೆಯಲ್ಲ. ನಿಮ್ಮ ಹುಡುಗಿ ಏನ್ ಗುಡಿಸ್ತಿದ್ದಾಳೆ?” ಎಂದು ಕೇಳಿದಳು. “ಗುಡಿಸ್ಲಿ ಬಿಡವ್ವ” ಅಂದೆ. ಅವಳ ಅಮ್ಮನಿಂದ ಕಲಿತದ್ದೇ ಇರಬೇಕು. ನಗುತ್ತಲೇ ಇದ್ದೆ, ಸೆರಗು ಮಾತ್ರ ಒದ್ದೆಯಾಗಿತ್ತು. ಆ ಬೆಂಚಿನ ಮೇಲೆ ಮೇಷ್ಟ್ರೂ ಕೂತಿರಬೇಕಿತ್ತು.

ಮೊಮ್ಮಗಳು ಬ್ಯಾಗಿನಿಂದ ಎದೆಯ ಪ್ಯಾಡು ಎಳೆದು ಬಚ್ಚಲ ಕಡೆ ಹೊರಟಳು. ಅಂಗಡಿಯದು, ಕಪ್ಪಗೆ, ಹಗುರ. “ಕೊಡು ಇಲ್ಲಿ” ಎಂದು ಕೈ ಚಾಚಿದೆ.

“ಅಯ್ಯೋ ಅಜ್ಜಿ, ಬೆವರು ನಾರ್ತಿದೆ. ನಾನೇ ಒಗೀತೀನಿ ಬಿಡು.”

“ಬೇಡ. ಹಂಗೇ ಕೊಡು” ಅಂದೆ.

ಅವಳು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಬಚ್ಚಲಲ್ಲಿ ಕೂತು, ನೀರು ತಿಳಿಯಾಗುವವರೆಗೂ ಒಗೆದೆ. ಆಮೇಲೂ ಸ್ವಲ್ಪ ಹೊತ್ತು ಒಗೆದೆ.