ನೀರಕ್ಕನ ಮೂಗು

ನೀರಕ್ಕನ ತಾತ ಬಾವಿ ತೋಡುವವನು. ಆಳದಲ್ಲಿ ಕೆಟ್ಟ ಗಾಳಿ ಇದೆಯೇ ಎಂದು ಬೇರೆಯವರು ದೀಪ ಇಳಿಬಿಟ್ಟು ನೋಡಿದರೆ, ಅವನು ಬಾವಿಯ ಬಾಯಿಯ ಬಳಿ ಬಗ್ಗಿ ಒಮ್ಮೆ ಮೂಸಿ, “ಇವತ್ತು ಬೇಡ” ಎನ್ನುತ್ತಿದ್ದ. ಮಾತು ಮೀರಿ ಇಳಿದ ಇಬ್ಬರನ್ನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹೋಗಿ ಅವನೇ ಮೇಲೆ ತಂದ. ಒಬ್ಬ ಬದುಕಿದ. ಅವಳಪ್ಪ ಕಟ್ಟಡಗಳ ಮೇಲಿನ ನೀರಿನ ಟ್ಯಾಂಕ್ ತೊಳೆಯುತ್ತಿದ್ದ. ಮುಚ್ಚಳ ಸರಿಸಿದ ಕೂಡಲೇ, ಒಳಗೆ ಸತ್ತಿರುವುದು ಇಲಿಯೋ ಪಾರಿವಾಳವೋ ಹೇಳಿಬಿಡುತ್ತಿದ್ದ. ಆ ಮನೆತನಕ್ಕೆ ಆಸ್ತಿ ಅಂತ ಇದ್ದದ್ದು ಮೂಗೊಂದೇ.

ನೀರಕ್ಕ ಮನೆಮನೆಗೆ ಹೋಗಿ ಮೀನಿನ ತೊಟ್ಟಿಗಳ ನೀರು ಬದಲಿಸುತ್ತಿದ್ದಳು. ಹೆಗಲ ಮೇಲೆ ಸುತ್ತಿದ ಪೈಪು, ಕೈಯಲ್ಲೊಂದು ಬಕೆಟ್. ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ.

“ವಾರಕ್ಕೊಂದ್ಸಲ, ಕಾಲು ಭಾಗ. ಪೂರ್ತಿ ಚೆಲ್ಲಿ ತಿಕ್ಕಿ ತೊಳೆಯೋಕೆ ಅದೇನು ಅಡುಗೆ ಪಾತ್ರೆನಾ? ಹಳೇ ನೀರೇ ಮೀನಿಗೆ ಮನೆ. ಒಂದೊಂದೇ ಹೆಂಚು ಬದಲಾಯಿಸ್ಬೇಕು, ಸೂರೇ ಕಿತ್ತಾಕ್ಬಾರ್ದು.”

ನಲ್ಲಿ ನೀರಿನಲ್ಲಿರುವ, ಮೀನಿಗೆ ವಿಷವಾದ ಕ್ಲೋರಿನ್ ಹಾರಿಹೋಗಲೆಂದು ಹೊಸ ನೀರನ್ನು ಆಯಾ ಮನೆಯವರು ಹಿಂದಿನ ದಿನವೇ ಹಿಡಿದಿಡಬೇಕಿತ್ತು. ಅಷ್ಟಾದರೂ ಬಕೆಟ್‌ಗೆ ಮುಖ ಇಳಿಸಿ ಮೂಸದೆ ಅವಳು ಒಂದು ಚೊಂಬು ನೀರನ್ನೂ ಸುರಿದವಳಲ್ಲ.

ಹೋದ ವರ್ಷ ಜ್ವರ ಬಂದು ಮೂರು ವಾರ ಹಾಸಿಗೆ ಹಿಡಿದಳು. ಎದ್ದಾಗ ಮೂಗು ಸತ್ತಿತ್ತು. ಸೀಮೆಎಣ್ಣೆ ಡಬ್ಬಿ ಮೂಸಿ ನೋಡಿದಳು, ಸುಟ್ಟ ಬಟ್ಟೆ ಮೂಸಿ ನೋಡಿದಳು. ಗಾಳಿ ಬಂದಂತೆ ಬಂತು, ಹೋಯಿತು. ಯಾರಿಗೂ ಹೇಳದೆ ಪೈಪು ಹೆಗಲಿಗೇರಿಸಿಕೊಂಡು ಹೊರಟಳು.

ಮೊದಲು ಹೋದದ್ದು ಹಳೆಯ ದರ್ಜಿಯ ಮನೆಗೆ. ಲಕ್ವ ಹೊಡೆದು ಮಾತು ನಿಂತ ಮುದುಕ. ಎಡಗೈ ಒಂದೇ ಆಡುತ್ತಿತ್ತು. ಮಂಚದೆದುರು ತೊಟ್ಟಿ, ಅದರಲ್ಲಿ ಹನ್ನೊಂದು ವರ್ಷದ ಎರಡು ಹೊಂಬಣ್ಣದ ಮೀನು. ಅವು ಹೋದತ್ತ ಅವನ ಕಣ್ಣು ಹೋಗುತ್ತಿತ್ತು. ಅವನಿಗೆ ಉಳಿದಿದ್ದ ಓಡಾಟ ಅದೇ.

“ಬಾರಕ್ಕಾ, ತೊಟ್ಟಿ ಪಾಚಿಗಟ್ಟಿ ಕೆರೆ ಆಗಿದೆ. ಮಾವನಿಗೆ ಮೀನೇ ಕಾಣ್ಸಲ್ಲ” ಎಂದಳು ಸೊಸೆ.

“ನಾನು ಸತ್ತೆ ಅಂತ ಮೀನುಗಳು ಪರದೆ ಎಳ್ಕೊಂಡಿರ್ಬೇಕು ಬಿಡು” ಎಂದು ನಕ್ಕಳು ನೀರಕ್ಕ.

ಮೂರು ವಾರದ ಕೊಳೆ ಕಂಡು ತನ್ನ ಮಾತನ್ನು ತಾನೇ ಮೀರಿ ಅರ್ಧ ನೀರು ತೆಗೆದು ಬಚ್ಚಲಿಗೆ ಚೆಲ್ಲಿದಳು. ಮೂಲೆಯಲ್ಲಿ ತುಂಬಿಟ್ಟಿದ್ದ ಬಕೆಟ್‌ಗಳಿಗೆ ಬಗ್ಗಿ, ಅಭ್ಯಾಸಬಲದಿಂದ ಮೂಸಿ, ತಲೆಯಾಡಿಸಿ ಸುರಿದಳು.

ಪೈಪು ಸುತ್ತುತ್ತಿದ್ದಾಗ ಬೆನ್ನ ಹಿಂದೆ ಟಕ್ ಟಕ್ ಸದ್ದು. ಮುದುಕ ಎಡಗೈಯಿಂದ ಮಂಚದ ಚೌಕಟ್ಟು ಬಡಿಯುತ್ತಿದ್ದ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂದು ಆಗಲೇ ಮಗ್ಗುಲಾಗಿತ್ತು.

ಸೊಸೆ ಬಾಯಿಗೆ ಕೈ ಇಟ್ಟಳು. “ಅಯ್ಯೋ, ನಿನ್ನೆ ಹಿಡಿದ ನೀರಲ್ಲಿ ಬೆಳಿಗ್ಗೆ ನೆಲ ಒರೆಸ್ಬಿಟ್ಟೆ ಅಕ್ಕಾ. ಈಗಷ್ಟೇ ನಲ್ಲಿಯಿಂದ ತುಂಬ್ಸಿದ್ದೆ. ಹೇಳ್ಬೇಕು ಅಂತಿದ್ದೆ, ನೀನು ಮೂಸಿ ತಲೆ ಆಡಿಸಿದ್ಯಲ್ಲ, ಸರಿ ಇದೆ ಅಂದ್ಕೊಂಡೆ.”

ಮರಳಿ ಸುರಿಯಲು ಹಳೆಯ ನೀರಿರಲಿಲ್ಲ. ಮಧ್ಯಾಹ್ನದೊಳಗೆ ಎರಡೂ ತೇಲಿದವು. ಅವನ್ನು ಎತ್ತಿ ಹೊರಗೆ ಒಯ್ದ ಮೇಲೂ ಮುದುಕನ ಕಣ್ಣು ಖಾಲಿ ತೊಟ್ಟಿಯಲ್ಲಿ ಅತ್ತಿತ್ತ ಹುಡುಕುತ್ತಿತ್ತು. ಕೈ ಬಡಿಯುವುದು ನಿಂತಿತ್ತು.

ನೀರಕ್ಕ ಅಂದೇ ಮೂಗಿನ ವಿಷಯ ಮನೆಯವರಿಗೆ ಹೇಳಿ ಪೈಪನ್ನು ಅಟ್ಟಕ್ಕೆ ಎಸೆದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ತಮ್ಮನ ಮಗಳು ನಾಲ್ಕು ದಿನ ಬಿಟ್ಟು ಸಣ್ಣ ಬಾಟಲಿಯೊಂದನ್ನು ತಂದಳು.

“ಅತ್ತೆ, ಇದರಲ್ಲಿ ಎರಡು ಹನಿ ನೀರಿಗೆ ಬಿಟ್ರೆ ಸಾಕು. ಕ್ಲೋರಿನ್ ಇದ್ರೆ ಹಳದಿ ಆಗತ್ತೆ. ಮೂಗೇ ಬೇಡ. ಬೇಕಾದ್ರೆ ನಾನೂ ಜೊತೆಗೆ ಬರ್ತೀನಿ. ಆ ಮನೆಯವರೂ ಹೊಸ ಮೀನು ತರ್ತೀವಿ, ನೀನೇ ಬರ್ಬೇಕು ಅಂತಿದಾರೆ.”

ನೀರಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಅವಳ ಕೈಗೇ ವಾಪಸು ಇಟ್ಟಳು.

“ನೀರು ಎಂಥದ್ದು ಅಂತ ಇದು ಹೇಳತ್ತೆ ಕಣೇ, ಒಪ್ಪಿದೆ. ಗೊತ್ತಾಗ್ತಿಲ್ಲ ಅಂತ ಗೊತ್ತಿದ್ದೂ ಆ ಮುದುಕನ ಮುಂದೆ ತಲೆ ಆಡಿಸಿದೆನಲ್ಲ, ಅದಕ್ಕೆ ಯಾವ ಹನಿ ಬಿಡ್ತೀಯಾ? ಬಕೆಟ್ ಬೇಕಾದ್ರೆ ತಗೊಂಡು ಹೋಗು, ಸೋಪು ಮಾತ್ರ ಮುಟ್ಟಿಸ್ಬೇಡ, ಅದೂ ಮೀನಿಗೆ ವಿಷ. ನನ್ನನ್ನ ಕರೀಬೇಡ.”